ಜೀಪಿಗೆ ಉಡಿಸಿದ ಸೀರೆ

ಗಾಡಿ ಇಟ್ಟುಕೊಂಡವರೆಲ್ಲ ಡೀಸೆಲ್ಲಿನ ಲೆಕ್ಕ ಇಡುತ್ತಾರೆ. ಲೀಟರಿಗೆ ಎಷ್ಟು ಕೊಡುತ್ತದೆ ಎಂದು ಕೇಳಿದರೆ ಒಂದೆರಡು ಕಿಲೋಮೀಟರ್ ಸೇರಿಸಿಯೇ ಹೇಳುತ್ತಾರೆ. ಗಾಳಿಯ ಲೆಕ್ಕ ಇಟ್ಟವರನ್ನು ಮಾತ್ರ ನಾನು ಕಂಡಿಲ್ಲ. ಗಾಳಿ ಎಂದರೆ ನಮಗೆ ಟೈರಿನದು, ಅದೂ ಬಂಕಿನಲ್ಲಿ ಬಿಟ್ಟಿ. ಆದರೆ ಒಂದು ಲೀಟರ್ ಡೀಸೆಲ್ ಉರಿಯಲು ಕಡಿಮೆಯೆಂದರೂ 10,000 ಲೀಟರ್ ಗಾಳಿ ಬೇಕು. ಒಬ್ಬ ಮನುಷ್ಯ ಇಡೀ ದಿನ, ರಾತ್ರಿ ಗೊರಕೆ ಹೊಡೆದದ್ದೂ ಸೇರಿ, ಉಸಿರಾಡುವುದು ಹೆಚ್ಚುಕಡಿಮೆ ಅಷ್ಟೇ. ಸಕಲೇಶಪುರದ ಕಡೆ ಕಾಫಿ ತೋಟ ಮಾಡಿಕೊಂಡಿರುವ ನಮ್ಮ ಭಾವನ ಹಳೆಯ ಎಂಎಂ 540 ಜೀಪು ಪೇಟೆಗೆ ಹೋಗಿ ಪೇಪರ್ ತರುವಷ್ಟರಲ್ಲಿ ಒಬ್ಬ ಆಳಿನ ಒಂದು ದಿನದ ಉಸಿರನ್ನು ಕುಡಿದು ಮುಗಿಸಿರುತ್ತದೆ.

ಗಾಳಿಯೊಂದೇ ಒಳಗೆ ಹೋದರೆ ತಕರಾರಿಲ್ಲ. ಕಾಫಿ ಕುಯ್ಲು ಮುಗಿದ ಮೇಲೆ ಮಳೆ ಹಿಡಿಯುವ ತನಕ ತೋಟದ ರಸ್ತೆಗಳಲ್ಲಿ ಮಣ್ಣು ಪೌಡರಾಗಿ ಕೂತಿರುತ್ತದೆ. ಮುಂದೊಂದು ಟ್ರ್ಯಾಕ್ಟರ್ ಹೋದರೆ ಸಾಕು, ಹಿಂದೆ ಬರುವ ಬಡವ ಬಲ್ಲಿದರೆಲ್ಲ ಒಂದೇ ಬಣ್ಣಕ್ಕೆ ತಿರುಗುತ್ತಾರೆ. ಈ ಧೂಳಿನಲ್ಲಿ ಸ್ಫಟಿಕಶಿಲೆಯ ಕಣಗಳಿರುತ್ತವೆ. ಸಾಧಾರಣ ಉಕ್ಕಿನ ಮೇಲೆ ಗೀರು ಎಳೆಯುವಷ್ಟು ಗಟ್ಟಿ. ಅದರಲ್ಲೂ ಕೇಡು ಮಾಡುವುದು ಕಣ್ಣಿಗೆ ಕಾಣದ ನುಣುಪು ಧೂಳು. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಆದರೆ, 5ರಿಂದ 20 ಮೈಕ್ರಾನಿನ ಕಣಗಳು ಪಿಸ್ಟನ್ ರಿಂಗಿಗೂ ಸಿಲಿಂಡರಿಗೂ ನಡುವಿನ ಎಣ್ಣೆಯ ಪೊರೆಯಲ್ಲಿ ಸೇರಿಕೊಂಡು ಎರಡನ್ನೂ ಅರೆಯುತ್ತವೆ. ಆಮೇಲೆ ಗಾಡಿ ಆಯಿಲ್ ಕುಡಿಯುತ್ತದೆ, ನೀಲಿ ಹೊಗೆ ಬಿಡುತ್ತದೆ. ಮೆಕ್ಯಾನಿಕ್ ಬಾನೆಟ್ ಎತ್ತಿ, ಕಿವಿಗೊಟ್ಟು ಕೇಳಿ, ನಮ್ಮ ಮುಖ ನೋಡದೆ "ಬೋರ್ ಮಾಡಿಸ್ಬೇಕು ಸಾರ್" ಅನ್ನುತ್ತಾನೆ.

1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿಗೆ ಏರ್ ಫಿಲ್ಟರೇ ಇರಲಿಲ್ಲ. 1915ರಲ್ಲಿ ಫ್ರಾಂಕ್ ಡೊನಾಲ್ಡ್‌ಸನ್ ಎಂಬ ಅಮೆರಿಕದವನು, ಟ್ರ್ಯಾಕ್ಟರ್ ಮಾರುವುದು ಅವನ ಕೆಲಸ, ತಾನು ಮಾರಿದ್ದು ಧೂಳು ತಿಂದು ಕೆಡುವುದನ್ನು ನೋಡಲಾರದೆ ತಾನೇ ಒಂದು ಫಿಲ್ಟರ್ ಕಟ್ಟಿದ. ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿನ ಹೊತ್ತಿಗೆ ಎಣ್ಣೆಯ ಫಿಲ್ಟರ್ ಬಂದಿತ್ತು. ಒಳಬಂದ ಗಾಳಿ ಡಬ್ಬಿಯ ತಳದ ಎಣ್ಣೆಯ ಮೇಲೆ ಸಟ್ಟನೆ ತಿರುಗಬೇಕು. ಗಾಳಿ ತಿರುಗುತ್ತದೆ, ಭಾರದ ಧೂಳಿಗೆ ತಿರುಗಲಾಗದೆ ಎಣ್ಣೆಗೆ ಬೀಳುತ್ತದೆ. ಎಣ್ಣೆ ಜಾಸ್ತಿ ತುಂಬಿದರೆ ಡೀಸೆಲ್ ಇಂಜಿನ್ ಅದನ್ನೂ ಎಳೆದು ಉರಿಸಿಕೊಂಡು, ಕೀ ತಿರುಗಿಸಿದರೂ ನಿಲ್ಲದೆ ಕೂಗತೊಡಗುತ್ತದೆ. ಭಾವನ ಜೀಪಿಗೆ ಹಿಂದಿನ ಯಜಮಾನ ಕಂಪನಿಯ ಪೇಪರ್ ಫಿಲ್ಟರ್ ಹಾಕಿಸಿದ್ದರಿಂದ ಆ ಭಯವಿಲ್ಲ.

ಬೇಸಿಗೆಯಲ್ಲಿ ಆ ಪೇಪರ್ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ, ಅದರ ಮುಂದೆ ಇನ್ನೊಂದನ್ನು ಕೂರಿಸಬೇಕು ಎಂಬುದು ಭಾವನ ಯೋಜನೆ. ಸಾಮಾನು ಮನೆಯಲ್ಲೇ ಇತ್ತು: ತೋಟಕ್ಕೆ ತಂದು ಮಿಕ್ಕಿದ ಮೂರಿಂಚಿನ ಪಿವಿಸಿ ಪೈಪು, ಒಂದು ಬೆಂಡು, ಖಾಲಿ ಪೇಂಟ್ ಡಬ್ಬಿ, ಕೋಳಿಗೂಡಿನ ಜಾಲರಿ, ಎಂ-ಸೀಲ್. ಇಲ್ಲದ್ದು ಸೋಸುವ ಬಟ್ಟೆ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ನೀರು ಸೋಸಿದ್ದರಿಂದ ಕಾಲರಾ ಅರ್ಧದಷ್ಟು ಇಳಿಯಿತೆಂದು ರೀಟಾ ಕಾಲ್ವೆಲ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು 2003ರಲ್ಲಿ ಪ್ರಕಟಿಸಿದ್ದನ್ನು ಭಾವ ಎಲ್ಲೋ ಓದಿಕೊಂಡಿದ್ದರು. ಹೊಸ ಸೀರೆಗಿಂತ ಒಗೆದೊಗೆದು ಎಳೆ ಜುಂಗಾದ ಸೀರೆಯ ಕಣ್ಣು ಸಣ್ಣದು, ಹಾಗಾಗಿ ಅದೇ ವಾಸಿಯಂತೆ. ಈ ಸಂಶೋಧನೆಯ ಬಲದಿಂದ ಅಕ್ಕನ ಹಳೆಯ ಕಾಟನ್ ಸೀರೆಯೊಂದು ಶೆಡ್ಡಿಗೆ ಹೋಯಿತು. ಅಕ್ಕನಿಗೆ ಸಂಶೋಧನೆಯ ವಿಷಯ ಆಮೇಲೆ ತಿಳಿಯಿತು.

ನಾಲ್ಕು ಮಡಿಕೆಯ ಸೀರೆ ಡಬ್ಬಿಯ ಬಾಯಿಗೆ ಬಿಗಿಯಾಯಿತು. ಮನೆ ಮುಂದಿನ ಏರಿನಲ್ಲೇ ಜೀಪು ಎಳೆಯುವುದನ್ನು ಬಿಟ್ಟು ಕಪ್ಪು ಹೊಗೆ ಕಾರಿತು. ಡೀಸೆಲ್ ಇದೆ, ಗಾಳಿ ಸಾಲದು ಎಂದು ಇಂಜಿನ್ ಹೇಳುವ ರೀತಿಯೇ ಅದು. ಕುಡಿಯುವ ನೀರು ತೊಟ್ಟು ತೊಟ್ಟಾಗಿ ಇಳಿದರೂ ನಡೆದೀತು, 2.1 ಲೀಟರಿನ ಇಂಜಿನ್ 2,000 ಆರ್‌ಪಿಎಂನಲ್ಲಿ ನಿಮಿಷಕ್ಕೆ 2,000 ಲೀಟರಿನ ಆಸುಪಾಸು ಗಾಳಿ ಎಳೆಯುತ್ತದೆ. ಅಷ್ಟೆಲ್ಲ ಒಂದು ಅಂಗೈಯಗಲದ ಬಟ್ಟೆಯಲ್ಲಿ ನುಸುಳಬೇಕೆಂದರೆ ಹೇಗೆ?

ಸೀರೆ ಹುಡುಕಿಕೊಂಡು ಬಂದ ಅಕ್ಕ ಬಾನೆಟ್ಟಿನೊಳಗೆ ಬಗ್ಗಿ ನೋಡಿದಳು. ಬೈಗುಳ ಬರುತ್ತದೆಂದು ನಾವು ಕಾಯುತ್ತಿದ್ದರೆ ಬಂದದ್ದು ತಾಂತ್ರಿಕ ಸಲಹೆ. "ಹೀಗೆ ಗಂಟು ಕಟ್ಟಿದ್ರೆ ಉಸಿರು ಕಟ್ಟದೆ ಇನ್ನೇನು? ನೆರಿಗೆ ಹಿಡೀಬೇಕು ಕಣ್ರೀ. ಐದೂವರೆ ಮೀಟರ್ ಸೀರೇನ ನಾನು ದಿನಾ ಸೊಂಟಕ್ಕೆ ಸಿಕ್ಕಿಸ್ಕೊಳ್ತೀನಲ್ಲ, ಹೇಗೆ ಅಂತ ಒಂದಿನಾನಾದ್ರೂ ನೋಡಿದೀರಾ?"

ಭಾವ ಕಂಪನಿಯ ಫಿಲ್ಟರನ್ನು ಬಿಚ್ಚಿ ಕೈಯಲ್ಲಿ ಹಿಡಿದು ನೋಡಿದರು. ಅದರ ಕಾಗದವೂ ನೆರಿಗೆ ನೆರಿಗೆಯಾಗಿಯೇ ಕೂತಿತ್ತು. ಬಿಡಿಸಿ ಹರಡಿದರೆ ಹೊರಗಿನಿಂದ ಕಾಣುವುದಕ್ಕಿಂತ ಎಷ್ಟೋ ಪಟ್ಟು ಅಗಲವಾಗುವ ಕಾಗದ. ಜಾಗ ಚಿಕ್ಕದಿರಲಿ, ಹರವು ದೊಡ್ಡದಿರಲಿ ಎಂಬುದೇ ಅದರ ಗುಟ್ಟು. ಅಕ್ಕ ಶೆಡ್ಡಿನ ಮೆಟ್ಟಿಲ ಮೇಲೆ ಕೂತು ಜಾಲರಿಯ ಕೊಳವೆಯೊಂದನ್ನು ಮಡಿಲಲ್ಲಿಟ್ಟುಕೊಂಡಳು. ಒಂದೇ ಪದರ ಬಟ್ಟೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಮಡಿಸುತ್ತ, ನೆರಿಗೆಗೊಂದು ಬಟ್ಟೆ ಕ್ಲಿಪ್ಪು ಕಚ್ಚಿಸುತ್ತ ಸುತ್ತ ಬಂದಳು. ಕೊನೆಗೆ ಮೇಲೂ ಕೆಳಗೂ ಟ್ಯೂಬಿನ ರಬ್ಬರ್ ಬಿಗಿದು ಕ್ಲಿಪ್ಪುಗಳನ್ನು ವಾಪಸ್ ಎಣಿಸಿಕೊಂಡಳು. ಜೀಪು ಏರು ಹತ್ತಿತು, ಕಪ್ಪು ಹೊಗೆ ನಿಂತಿತು. ಭಾವ ಈಗ ಬಂದವರಿಗೆಲ್ಲ "ನಾವು ಮಾಡಿದ ಡಿಸೈನು" ಅನ್ನುತ್ತಾರೆ. ಆ "ನಾವು" ಏಕವಚನವೋ ಬಹುವಚನವೋ ಎಂದು ಅಕ್ಕ ಒಳಗಿನಿಂದಲೇ ಕೇಳುತ್ತಾಳೆ.

ಗೆದ್ದವರು ಸುಮ್ಮನಿರುವುದಿಲ್ಲ. ಗಂಗಾವತಿಯ ಕಡೆ ಮದುವೆಗೆ ಹೋದಾಗ ಭಾವನ ಕಣ್ಣು ರೈಸ್ ಮಿಲ್ಲಿನ ಸೂರಿನ ಮೇಲಿದ್ದ ದೊಡ್ಡ ತಗಡಿನ ಆಲಿಕೆಯ ಮೇಲೆ ಬಿತ್ತು. ಅದು ಸೈಕ್ಲೋನ್. ಧೂಳು ತುಂಬಿದ ಗಾಳಿ ಅಂಚಿನಿಂದ ಒಳನುಗ್ಗಿ ಸುತ್ತುತ್ತದೆ, ಭಾರದ ಕಣಗಳು ಗೋಡೆಗೆ ಎಸೆಯಲ್ಪಟ್ಟು ಕೆಳಗೆ ಜಾರುತ್ತವೆ, ಹಗುರವಾದ ಗಾಳಿ ನಡುವಿನಿಂದ ಮೇಲೇಳುತ್ತದೆ. ತಿರುಗುವ ಚಕ್ರವಿಲ್ಲ, ಕರೆಂಟ್ ಬೇಡ. ಮದುವೆಯಿಂದ ಬಂದವರೇ ಚಿಕ್ಕದೊಂದನ್ನು ತಗಡಿನಲ್ಲಿ ಮಾಡಿಸಿ ಸೀರೆಯ ಮುಂದೆ ಕೂರಿಸಿದರು, ತಳಕ್ಕೆ ಉಪ್ಪಿನಕಾಯಿಯ ಪಾರದರ್ಶಕ ಬಾಟಲಿ. ಸಂಜೆ ಬಾಟಲಿಯಲ್ಲಿ ಕೂತ ಕೆಂಪು ಧೂಳನ್ನು ನೆಂಟರಿಗೆ ತೋರಿಸದೆ ಕಾಫಿ ಕೊಡುವುದಿಲ್ಲ. ಫಿಲ್ಟರುಗಳನ್ನು ಪರೀಕ್ಷಿಸಲು ಅಮೆರಿಕದ ಅರಿಜೋನಾದ ಧೂಳನ್ನು ಜರಡಿ ಹಿಡಿದು, ಕಣದ ಗಾತ್ರ ಗೊತ್ತುಮಾಡಿ ದುಡ್ಡಿಗೆ ಮಾರುತ್ತಾರೆ ಎಂದು ನಾನು ಹೇಳಿದ ಮೇಲಂತೂ ಆ ಬಾಟಲಿ ಖಾಲಿ ಮಾಡಲು ಅವರಿಗೆ ಕೈ ಬರುತ್ತಿಲ್ಲ.

ಕೊನೆಗೆ ಮೆಕ್ಯಾನಿಕ್ ಬಂದ. ಸೈಕ್ಲೋನನ್ನೂ ನೆರಿಗೆಯನ್ನೂ ನೋಡಿ ನಗಲಿಲ್ಲ. ಇದಕ್ಕಿಂತ ವಿಚಿತ್ರವಾದದ್ದನ್ನು ಅವನು ಕಂಡಿರಬೇಕು. ಕಂಪನಿ ಫಿಲ್ಟರಿನಿಂದ ಇಂಜಿನ್ನಿಗೆ ಹೋಗುವ ರಬ್ಬರ್ ಹೋಸನ್ನು ಬಿಚ್ಚಿ ಒಳಗೆ ಬೆರಳಾಡಿಸಿ ಹೊರತೆಗೆದ. ಬೆರಳ ತುದಿ ಕೆಂಪಾಗಿತ್ತು. ಕ್ಲ್ಯಾಂಪು ಸಡಿಲ. "ಮುಂದೆ ಎಷ್ಟು ಸೋಸಿದ್ರೇನ್ ಸಾರ್, ಹಿತ್ತಲ ಬಾಗ್ಲು ತೆಗೆದಿದೆಯಲ್ಲ." ಗಾಳಿಗೆ ಸುಲಭದ ದಾರಿ ಸಿಕ್ಕರೆ ಅದು ಸೀರೆಯ ಗೊಡವೆಗೆ ಬರುವುದಿಲ್ಲ. ಇನ್ನೊಂದು ಮಾತನ್ನೂ ಹೇಳಿದ: ದಿನಾ ಬಿಚ್ಚಿ ಕೊಡವಬೇಡಿ. ಅದು ನಿಜ. ಸ್ವಲ್ಪ ಧೂಳು ಹಿಡಿದ ಫಿಲ್ಟರ್ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ, ಕೂತ ಧೂಳೇ ಬರುವ ಧೂಳನ್ನು ತಡೆಯುತ್ತದೆ. ಟೈರಿಗೆ ಕುಟ್ಟಿದರೆ ಅಂಚು ಸೊಟ್ಟಗಾಗುತ್ತದೆ, ಹೊರಗಿನಿಂದ ಜೋರಾಗಿ ಗಾಳಿ ಹೊಡೆದರೆ ಧೂಳು ಒಳಕ್ಕೇ ನಾಟುತ್ತದೆ.

ಹಾಗಾಗಿ ಮನೆಯಲ್ಲಿ ಫಿಲ್ಟರ್ ಕಟ್ಟುವ ಹುಮ್ಮಸ್ಸಿದ್ದವರು ಧಾರಾಳವಾಗಿ ಕಟ್ಟಿ. ಆದರೆ ಕಂಪನಿಯದನ್ನು ತೆಗೆಯಬೇಡಿ, ಅದರ ಮುಂದೆ ಕಟ್ಟಿ. ಬಟ್ಟೆ ಬಿಸಿಯಾದ ಸೈಲೆನ್ಸರ್ ಪೈಪಿನಿಂದ ದೂರವಿರಲಿ, ಮಳೆ ಹಿಡಿದ ಮೇಲೆ ಬಿಚ್ಚಿಡಿ. ಒದ್ದೆ ಬಟ್ಟೆಯಲ್ಲಿ ಗಾಳಿ ಆಡುವುದಿಲ್ಲ. ಎಲ್ಲ ಮುಗಿದ ಮೇಲೆ ಫಿಲ್ಟರನ್ನು ನೋಡಿ ಹೆಮ್ಮೆಪಡುವುದಕ್ಕೆ ಮೊದಲು ಅದರ ಆಚೆಯ ಹೋಸಿನೊಳಗೆ ಬಿಳಿ ಬಟ್ಟೆ ಸುತ್ತಿದ ಬೆರಳನ್ನು ಒಮ್ಮೆ ಆಡಿಸಿ. ಬಟ್ಟೆ ಬಿಳಿಯಾಗಿಯೇ ಬಂದರೆ ನಿಮ್ಮ ಡಿಸೈನು ಪಾಸು.