ತಾಸಿಗೆ ಎಷ್ಟು ಕೂಲಿ?

ಮೂರು ತಿಂಗಳು ಇಂಗ್ಲೆಂಡಿನಲ್ಲಿ ಮಗಳ ಮನೆಯಲ್ಲಿದ್ದು ಬಂದ ಪಕ್ಕದ ಮನೆಯ ಅಕ್ಕೋರು ನಿನ್ನೆ ಮುಂಜಾನೆ ದಾಸವಾಳ ಬಿಡಿಸುತ್ತ ಕಂಪೌಂಡಿನ ಆಚೆಯಿಂದಲೇ ಮಾತು ತೆಗೆದರು.

"ತಮ್ಮಾ, ಆ ಡಾಂಕಾಸ್ಟರ್ ಊರಾಗ ಎಲ್ಲಿ ನೋಡಿದ್ರೂ ಪೋಲಂಡಿನವರ ಅಂಗಡಿ. ಬಸ್ಸಿನ್ಯಾಗೂ ಅವರದ ಮಾತು. ಅಲ್ಲೇ ಹುಟ್ಟಿ ಬೆಳೆದವರಿಗೆ ಕೆಲಸ ಎಲ್ಲಿಂದ ಸಿಗಬೇಕು, ಹೇಳು?"

"ಅಕ್ಕೋರ, ಈ ಪ್ರಶ್ನೆಗೆ ಆ ಊರಿನ ಎಂ.ಪಿ.ನೇ ಉತ್ತರ ಹುಡುಕಿದ್ರು," ಅಂದೆ.

ಎಡ್ ಮಿಲಿಬ್ಯಾಂಡ್. ಡಾಂಕಾಸ್ಟರ್ ನಾರ್ತ್‌ನಿಂದ 2005ರಲ್ಲಿ ಗೆದ್ದು ಬಂದವರು. 2010ರ ಸೆಪ್ಟೆಂಬರಿನಿಂದ 2015ರ ಮೇ ತನಕ ಲೇಬರ್ ಪಕ್ಷದ ನಾಯಕರು, ಸಂಸತ್ತಿನಲ್ಲಿ ವಿರೋಧ ಪಕ್ಷದ ನಾಯಕರು. ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದ ನನಗೆ, ಬ್ಯಾಂಕಿನ ಮೇಲೆ ಕರ ಹಾಕಬೇಕು ಅನ್ನುವವರ ಮಾತು ಕೇಳಿದರೆ ಕಿವಿ ನಿಮಿರುತ್ತದೆ. ಮಿಲಿಬ್ಯಾಂಡರನ್ನು ನಾನು ಗಮನಿಸತೊಡಗಿದ್ದು ಹಾಗೆ.

ಮೊದಲು ಅಕ್ಕೋರ ಪ್ರಶ್ನೆ. 2004ರ ಮೇ 1ರಂದು ಪೋಲಂಡ್ ಸೇರಿ ಪೂರ್ವ ಯುರೋಪಿನ ಎಂಟು ದೇಶಗಳು ಯುರೋಪಿಯನ್ ಒಕ್ಕೂಟಕ್ಕೆ ಬಂದವು. ಹಳೆಯ ಸದಸ್ಯ ದೇಶಗಳಲ್ಲಿ ಹೆಚ್ಚಿನವು, ನಿಮ್ಮ ಕೆಲಸಗಾರರು ಕೆಲವು ವರ್ಷ ತಡೆದು ಬರಲಿ ಎಂದವು. ಆಗಲೇ ಬಾಗಿಲು ತೆರೆದವರು ಬ್ರಿಟನ್, ಐರ್ಲೆಂಡ್, ಸ್ವೀಡನ್ ಮಾತ್ರ. ವರ್ಷಕ್ಕೆ 5,000ದಿಂದ 13,000 ಜನ ಬಂದಾರು ಎಂದು ಬ್ರಿಟನ್ ಸರ್ಕಾರದ ಕೈಯಲ್ಲಿ ಒಂದು ಅಂದಾಜಿತ್ತು. ಜನಗಣತಿಯ ಪ್ರಕಾರ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪೋಲಂಡಿನಲ್ಲಿ ಹುಟ್ಟಿದವರು 2001ರಲ್ಲಿ 58 ಸಾವಿರ ಇದ್ದರು, 2011ಕ್ಕೆ 5 ಲಕ್ಷ 79 ಸಾವಿರ. ಕಲ್ಲಿದ್ದಲ ಗಣಿ ಮುಚ್ಚಿ ಮೊದಲೇ ಸೊರಗಿದ ಡಾಂಕಾಸ್ಟರಿನಂಥ ಊರುಗಳಲ್ಲಿ ಇದರ ಬಿಸಿ ತಟ್ಟದೆ ಇರುತ್ತದೆಯೇ?

2012ರ ಜೂನ್‌ನಲ್ಲಿ ಮಿಲಿಬ್ಯಾಂಡ್ ಎದ್ದು ನಿಂತು, ಆ ಬಾಗಿಲು ಹಾಗೆ ತೆರೆದದ್ದು ನಮ್ಮ ಪಕ್ಷದ ತಪ್ಪು ಎಂದು ಒಪ್ಪಿಕೊಂಡರು. ಬಾಗಿಲು ತೆರೆದ ಆ ಲೇಬರ್ ಸರ್ಕಾರದಲ್ಲೇ ಆಮೇಲೆ ಮಂತ್ರಿಯಾಗಿದ್ದವರು ಅವರು. ವಿರೋಧ ಪಕ್ಷದಲ್ಲಿ ಕೂತು ಎದುರಿನವರನ್ನು ಬೈಯುವುದು ಸುಲಭ, ಸ್ವಂತ ಮನೆಯ ತಪ್ಪನ್ನು ಊರೆದುರು ಹೇಳುವುದು ಕಷ್ಟ. ಆ ಒಂದು ಮಾತಿಗೆ ನಾನು ಅವರನ್ನು ಗೌರವಿಸುತ್ತೇನೆ.

"ಅಂದ್ರ ಬಂದವರನ್ನ ವಾಪಸ್ ಕಳಸ್ರಿ ಅಂದ್ರೇನು?"

ಇಲ್ಲ. ಬೆರಳು ತೋರಿಸಿದ್ದು ಕೆಲಸ ಕೊಡುವವರ ಕಡೆಗೆ. ಕನಿಷ್ಠ ಕೂಲಿ ಕೊಡದವರಿಗೆ ದಂಡ ಎರಡು ಪಟ್ಟಾಗಲಿ, ಪರದೇಶದಿಂದ ಮಾತ್ರ ಆಳು ತರಿಸುವ ಏಜೆನ್ಸಿಗಳು ನಿಲ್ಲಲಿ ಅಂದರು. ದೂರದಿಂದ ಬಂದವನ ಅಸಹಾಯಕತೆಯನ್ನೇ ಅಗ್ಗದ ಕೂಲಿಗೆ ದಾರಿ ಮಾಡಿಕೊಂಡವರು ಇರುವ ತನಕ ಊರಿನವನಿಗೂ ಬಂದವನಿಗೂ ಬದುಕಿಲ್ಲ. ಇದು ನನಗೆ ಪೂರ್ತಿ ಒಪ್ಪಿಗೆ.

"ಅವರ ತಾಯಿನೇ ಪೋಲಂಡಿನವರು, ಅಕ್ಕೋರ," ಅಂದೆ.

ಹೂ ಬಿಡಿಸುತ್ತಿದ್ದ ಕೈ ನಿಂತಿತು. ಯೆಹೂದಿ ಮನೆತನದ ಆ ತಾಯಿ ಯುದ್ಧದ ಕಾಲದಲ್ಲಿ ಪೋಲಂಡಿನಲ್ಲೇ ಅಡಗಿಕೊಂಡು ಜೀವ ಉಳಿಸಿಕೊಂಡವರು. ತಂದೆ ರಾಲ್ಫ್ 1940ರಲ್ಲಿ ನಾಜಿಗಳ ಕೈಗೆ ಸಿಗದೆ ಬೆಲ್ಜಿಯಂನಿಂದ ಬ್ರಿಟನ್ನಿಗೆ ಓಡಿಬಂದ ಹುಡುಗ.

ಇನ್ನು ಬ್ಯಾಂಕಿನ ಮಾತು. 2008ರಲ್ಲಿ ಮುಳುಗುತ್ತಿದ್ದ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಒಂದಕ್ಕೇ ಸರ್ಕಾರ ಸುರಿದದ್ದು ಸುಮಾರು 4,550 ಕೋಟಿ ಪೌಂಡ್, ಎಲ್ಲ ಜನರ ತೆರಿಗೆ ಹಣ. ಅಷ್ಟಾದರೂ ಬ್ಯಾಂಕುಗಳ ಬೋನಸ್ ನಿಲ್ಲಲಿಲ್ಲ. 2009ರ ಡಿಸೆಂಬರಿನಲ್ಲಿ ಲೇಬರ್ ಸರ್ಕಾರದ ಹಣಕಾಸು ಮಂತ್ರಿ ಅಲಿಸ್ಟೇರ್ ಡಾರ್ಲಿಂಗ್, 25,000 ಪೌಂಡ್ ಮೀರಿದ ಬೋನಸ್ ಕೊಡುವ ಬ್ಯಾಂಕು ಮೀರಿದ ಮೊತ್ತದ ಮೇಲೆ ನೂರಕ್ಕೆ ಐವತ್ತು ಕರ ಕಟ್ಟಬೇಕು ಎಂದು ಒಂದು ಸಲದ ಕರ ಹಾಕಿದರು. 55 ಕೋಟಿ ಬಂದೀತು ಎಂದುಕೊಂಡಿದ್ದರು; ಸಂದಾಯವಾದದ್ದು 300 ಕೋಟಿಗೂ ಮಿಕ್ಕಿ. ಅಂದರೆ ಬ್ಯಾಂಕುಗಳು ಬೋನಸ್ ಕಡಿಮೆ ಮಾಡುವ ಬದಲು ಕರವನ್ನೇ ಕಟ್ಟಿಬಿಟ್ಟವು! ಲೆಡ್ಜರು ತಿರುವಿದ ನನಗೆ ಈ ಲೆಕ್ಕ ನೋಡಿದಾಗ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಗಿತ್ತು.

ಆ ಕರವನ್ನು ಇನ್ನೊಮ್ಮೆ ಹಾಕಿ ಎಂದು 2011ರಲ್ಲಿ, ಆಗ ವಿರೋಧದಲ್ಲಿದ್ದ ಮಿಲಿಬ್ಯಾಂಡರ ಪಕ್ಷ ಕೇಳಿತು. 200 ಕೋಟಿ ಪೌಂಡ್ ಬರುತ್ತದೆ, ಅದರಲ್ಲಿ 25,000 ಮನೆ, ಯುವಕರಿಗೆ ಒಂದು ಲಕ್ಷ ಕೆಲಸ ಎಂದು ಲೆಕ್ಕವನ್ನೂ ಕೊಟ್ಟಿತು. ಅದೇ ಹಣವನ್ನು ಮತ್ತೆ ಮತ್ತೆ ಬೇರೆ ಬೇರೆ ಯೋಜನೆಗೆ ಹಂಚುತ್ತಾರೆ ಎಂದು ಆಳುವವರು ಹಂಗಿಸಿದರು. ಆ ಟೀಕೆಯಲ್ಲಿ ಹುರುಳಿತ್ತು. ಆದರೆ ಮೂಲ ವಿಚಾರ ಸರಿ. ಜನರ ಹಣದಿಂದ ಉಳಿದ ಬ್ಯಾಂಕು, ಕೆಲಸ ಕಳೆದುಕೊಂಡ ಜನರಿಗೆ ಋಣಿ.

ಮಿಲಿಬ್ಯಾಂಡ್ ಎಡವಿದ್ದು ಬೇರೆ ಕಡೆ. 2015ರ ಚುನಾವಣೆಗೆ ಅವರ ಪಕ್ಷ ವಲಸೆ ನಿಯಂತ್ರಣದ ಭರವಸೆಯನ್ನು ಚಹಾದ ಮಗ್ಗಿನ ಮೇಲೆ ಅಚ್ಚು ಹಾಕಿಸಿ ಮಾರಿತು. ಸ್ವಂತ ಪಕ್ಷದ ಎಂ.ಪಿ. ಡಯೇನ್ ಆಬಟ್ ಅವರೇ ನಾಚಿಕೆಗೇಡು ಎಂದರು. ಕೂಲಿ, ದಂಡ, ಏಜೆನ್ಸಿ ಎಲ್ಲ ಅಳಿಸಿಹೋಗಿ, ಉಳಿದದ್ದು ಬರುವವರ ಮೇಲಿನ ಅನುಮಾನ ಒಂದೇ. ಚುನಾವಣೆಯಲ್ಲಿ 232 ಸ್ಥಾನಕ್ಕಿಳಿದು ಸೋತರು. ಮರುವರ್ಷದ ಜನಮತಗಣನೆಯಲ್ಲಿ ಡಾಂಕಾಸ್ಟರಿನ ನೂರರಲ್ಲಿ 69 ಮತ ಯುರೋಪಿಯನ್ ಒಕ್ಕೂಟ ಬಿಡೋಣ ಎಂದಿತು.

ಅಕ್ಕೋರು ಹೂವಿನ ಬುಟ್ಟಿ ಎತ್ತಿಕೊಂಡರು. "ಮುಂದಿನ ವರ್ಷ ಮತ್ತ ಕರೀತಾಳ ಮಗಳು," ಅಂದರು.

"ಹೋಗಿಬರ್ರಿ ಅಕ್ಕೋರ. ಆದ್ರ ಈ ಸಲ ಅಲ್ಲಿ ಗೋದಾಮಿನ್ಯಾಗ ದುಡಿಯೋ ಪೋಲಂಡಿನ ಹೆಣ್ಣಮಗಳಿಗೆ ತಾಸಿಗೆ ಎಷ್ಟು ಕೂಲಿ, ಬಾಜೂಕ ನಿಂತ ಇಂಗ್ಲಿಷ್ ಹುಡುಗಗ ಎಷ್ಟು, ಕೇಳಿಕೊಂಡು ಬರ್ರಿ."