ಆನ್‌ಲೈನ್ ಮೇಷ್ಟ್ರು

ಸರ್ಕಾರಿ ಹೈಸ್ಕೂಲು ಎಂದಮೇಲೆ ಅಲ್ಲೊಬ್ಬ ಆನ್‌ಲೈನ್ ಮೇಷ್ಟ್ರು ಇದ್ದೇ ಇರುತ್ತಾರೆ. ಹೇಳುವುದು ಸಮಾಜ ವಿಜ್ಞಾನ, ರಿಟೈರ್‌ಮೆಂಟಿಗೆ ಉಳಿದಿರುವುದು ನಾಲ್ಕೈದು ವರ್ಷ, ಜೇಬಿನಲ್ಲಿ ಕೆಂಪು ಪೆನ್ನು. "ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತೇನ್ರೀ?" ಎಂದು ಗೊಣಗುವವರೂ ಅವರೇ, ತರಬೇತಿಗೆ ಮೊದಲು ಹೆಸರು ಬರೆಸುವವರೂ ಅವರೇ.

ಪಾಠ, ತರಬೇತಿಗಳಿಗೆಂದು ಸರ್ಕಾರದ ದೀಕ್ಷಾ ಆ್ಯಪ್ ಬಂದದ್ದು 2017ರ ಶಿಕ್ಷಕರ ದಿನಾಚರಣೆಯಂದು. ಅದು ಉಡುಗೊರೆಯೋ ಶಿಕ್ಷೆಯೋ ಎಂಬುದು ಸ್ಟಾಫ್ ರೂಮಿನಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಪಠ್ಯಪುಸ್ತಕದ ಕ್ಯೂಆರ್ ಕೋಡನ್ನು ಮೇಷ್ಟ್ರು ಮೊದಮೊದಲು ಮುದ್ರಣದೋಷವೆಂದೇ ತಿಳಿದಿದ್ದರು. ಆಮೇಲೆ ಟೀ ಅಂಗಡಿಯಲ್ಲಿ ಸ್ಕ್ಯಾನ್ ಮಾಡಲು ಕಲಿತರಷ್ಟೆ, ಅದೇ ಧೈರ್ಯದಲ್ಲಿ ಪಾಠವನ್ನೂ ಸ್ಕ್ಯಾನ್ ಮಾಡಿದರು. ವಿಡಿಯೋ ತೆರೆದುಕೊಂಡಿತು. ಮೇಷ್ಟ್ರು ಮಾತ್ರ ಎಷ್ಟು ರೂಪಾಯಿ ಎಂದು ಎಲ್ಲಿ ಹಾಕಬೇಕೋ ಹುಡುಕುತ್ತಲೇ ಇದ್ದರು.

ಕೊರೋನಾ ಕಾಲದಲ್ಲಿ ಶಿಕ್ಷಕರ ನಿಷ್ಠಾ ತರಬೇತಿಯೂ ಅದೇ ಆ್ಯಪಿನೊಳಗೆ ಬಂದು ಕೂತಿತು. ವಿಡಿಯೋ ನೋಡಬೇಕು, ಕೊನೆಗೊಂದು ಪರೀಕ್ಷೆ ಬರೆಯಬೇಕು, 70 ಪರ್ಸೆಂಟ್ ಬಂದರೆ ಸರ್ಟಿಫಿಕೇಟು. ಎಸ್ಸೆಸ್ಸೆಲ್ಸಿ ಕೊಠಡಿಯಲ್ಲಿ ತಲೆ ತಿರುಗಿಸಿದ ಹುಡುಗನನ್ನು ಕಣ್ಣಲ್ಲೇ ಸುಡುತ್ತಿದ್ದ ಮೇಷ್ಟ್ರು ಈಗ ಫೋನಿಗೆ ಕೈ ಅಡ್ಡ ಹಿಡಿದು, ಪಕ್ಕದ ಡ್ರಾಯಿಂಗ್ ಮೇಷ್ಟ್ರ ಕಡೆ ಬಾಗಿ ಪಿಸುಗುಟ್ಟುತ್ತಾರೆ: "ಏಳನೇದು ಬಿ-ನೋ ಸಿ-ನೋ?" ಇದನ್ನು ಕಾಪಿ ಎನ್ನುವಂತಿಲ್ಲ. ಸಹಯೋಗದ ಕಲಿಕೆ ಎಂದು ತರಬೇತಿಯಲ್ಲೇ ಹೇಳಿಕೊಟ್ಟಿದ್ದಾರೆ.

ತರಬೇತಿ ಮುಗಿದದ್ದೇ ಮೇಷ್ಟ್ರು ಮಕ್ಕಳಿಗೂ ಗೂಗಲ್ ಫಾರ್ಮಿನಲ್ಲಿ ಕಿರುಪರೀಕ್ಷೆ ಕೊಡಲು ಹೊರಟರು. ತಾಂತ್ರಿಕ ಸಲಹೆಗೆ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳಿದ್ದಾಳೆ. "ಸಾರ್, ಹೆಸರಿನ ಕೆಳಗೆ ರಿಕ್ವೈರ್ಡ್ ಅನ್ನೋದನ್ನ ಆನ್ ಮಾಡ್ಬೇಕು ಸಾರ್. ಇಲ್ದಿದ್ರೆ ಹೆಸರು ಬರೀದೇನೇ ಕಳಿಸ್ತಾರೆ."

"ನಂಗೊತ್ತು ಕಣಮ್ಮ. ನಿಂಗೊತ್ತಾ ಅಂತ ನೋಡ್ದೆ."

ಅಂತೂ ಕಿರುಪರೀಕ್ಷೆ ಸಿದ್ಧವಾಯಿತು. ಮಕ್ಕಳ ಹತ್ತಿರ ಫೋನೆಲ್ಲಿದೆ? ಅಪ್ಪ ಹೊಲದಿಂದ ಬಂದು, ಊಟ ಮುಗಿಸಿ, ಫೋನು ಕೈಬಿಟ್ಟ ಮೇಲೆಯೇ ಉತ್ತರಗಳು ಬರತೊಡಗಿದವು. ಕ್ಲಾಸಿನಲ್ಲಿರುವುದು 42 ಮಕ್ಕಳು, ಬಂದದ್ದು 51 ಉತ್ತರ. ನೆಟ್‌ವರ್ಕ್ ನಿಧಾನವೆಂದು ಕೆಲವರು ಸಬ್ಮಿಟ್ ಒತ್ತಿದ್ದೇ ಒತ್ತಿದ್ದು. 'ಡಿ ಬಾಸ್ ಫ್ಯಾನ್' ಎಂಬ ವಿದ್ಯಾರ್ಥಿಗೆ ಎಲ್ಲರಿಗಿಂತ ಹೆಚ್ಚು ಅಂಕ. ಅವನು ಯಾರೆಂಬುದು ಈವರೆಗೂ ಪತ್ತೆಯಾಗಿಲ್ಲ.

ಅಸಲಿ ರಗಳೆ ಆದದ್ದು ಮೌಲ್ಯಮಾಪನದಲ್ಲಿ. ಕರ್ನಾಟಕ ಏಕೀಕರಣವಾದದ್ದು ಯಾವಾಗ ಎಂಬ ಪ್ರಶ್ನೆಗೆ ಮೇಷ್ಟ್ರು ಕೊಟ್ಟಿದ್ದ ಉತ್ತರ 1956. ಯಂತ್ರಕ್ಕೆ ಅಷ್ಟೇ ಗೊತ್ತು. '1956ರಲ್ಲಿ' ಎಂದವನಿಗೆ ಸೊನ್ನೆ, '1956ನೇ ಇಸವಿ' ಎಂದವಳಿಗೆ ಸೊನ್ನೆ, 'ನವೆಂಬರ್ 1, 1956' ಎಂದು ತಾರೀಖು ಸಮೇತ ಬರೆದವಳಿಗೂ ಸೊನ್ನೆ. ಅಚ್ಚ ಕನ್ನಡ ಅಂಕಿಯಲ್ಲಿ '೧೯೫೬' ಎಂದು ಬರೆದ ಹುಡುಗನಿಗಂತೂ ರಾಜ್ಯೋತ್ಸವದ ವಾರದಲ್ಲೇ ಸೊನ್ನೆ!

ಮೇಷ್ಟ್ರು ಕೆಂಡವಾದರು. ಪೇಟೆಯ ಜೆರಾಕ್ಸ್ ಅಂಗಡಿಗೆ ಹೋಗಿ ಉತ್ತರಗಳನ್ನೆಲ್ಲ ಪ್ರಿಂಟ್ ತೆಗೆಸಿದರು. ಕೆಂಪು ಪೆನ್ನು ಹಿಡಿದು ಒಂದೊಂದಕ್ಕೂ ರೈಟ್ ಹಾಕಿದರು. ಕನ್ನಡ ಅಂಕಿಯವನಿಗೆ ಅರ್ಧ ಅಂಕ ಜಾಸ್ತಿ. ಮೊತ್ತವನ್ನು ರಿಜಿಸ್ಟರಿಗೆ ಏರಿಸಿ, ಹೆಡ್‌ಮಾಸ್ಟರ ಸೀಲು ಹಾಕಿಸಿ, ಆ ಪುಟದ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗೆ (ಸಿಆರ್‌ಪಿ) ಕಳಿಸಿದರು. ಆನ್‌ಲೈನ್ ಮೌಲ್ಯಮಾಪನ ಹೀಗೆ ಮುಗಿಯಿತು.

ಇನ್ನು ಮಕ್ಕಳ ವಿವರಗಳನ್ನೆಲ್ಲ ಇಲಾಖೆಯ ಜಾಲತಾಣಕ್ಕೆ ತುಂಬುವ ಸ್ಯಾಟ್ಸ್ ಎಂಟ್ರಿ. ಹಗಲೆಲ್ಲ ರಾಜ್ಯದ ಶಾಲೆಗಳು ಒಟ್ಟಿಗೇ ಮುಗಿಬೀಳುವುದರಿಂದ ಆ ಕೆಲಸ ನಡೆಯುವುದು ನಡುರಾತ್ರಿಯಲ್ಲಿ. "ಬಂತು ಕಣೇ, ಸರ್ವರ್ ಬಂತು!" ಎಂದು ಮೇಷ್ಟ್ರು ದಡಬಡಿಸಿ ಎದ್ದರೆ, ಹೆಂಡತಿ ನಿದ್ದೆಗಣ್ಣಲ್ಲೇ ಕೇಳುತ್ತಾರೆ: "ಬಾಗಿಲು ತೆಗೀಬೇಕೇನ್ರೀ?"

ತಂತ್ರಜ್ಞಾನ ಮೇಷ್ಟ್ರನ್ನು ಬದಲಾಯಿಸುತ್ತದೆ ಎಂದು ಕಾದವರಿಗೆ ನಿರಾಸೆಯಾಗಿದೆ. ಮೇಷ್ಟ್ರೇ ಅದನ್ನು ಪಳಗಿಸಿ ಸೀಲು, ಸಹಿ, ರಿಜಿಸ್ಟರಿಗೆ ಒಗ್ಗಿಸಿಬಿಟ್ಟಿದ್ದಾರೆ. ಹಾಗಂತ ಅವರಿಗೆ ಏನೂ ಬರುವುದಿಲ್ಲ ಎನ್ನಬೇಡಿ. ತಪ್ಪು ಉತ್ತರದೊಳಗಿನ ಸರಿಯನ್ನು ಹುಡುಕುವ ವಿದ್ಯೆ ಅವರಲ್ಲಿದೆ, ಫಾರ್ಮಿಗೆ ಅದಿನ್ನೂ ಬಂದಿಲ್ಲ. ಆದ್ದರಿಂದ ಪೋಷಕರಲ್ಲಿ ವಿನಂತಿ: ಮೇಷ್ಟ್ರ ಲಿಂಕ್ ಬಂದಾಗ ಮಗುವಿಗೆ ಅರ್ಧ ಗಂಟೆ ಫೋನು ಕೊಡಿ, ಸಬ್ಮಿಟ್ ಮಾತ್ರ ಒಂದೇ ಸಲ ಒತ್ತಲು ಹೇಳಿ. ಪ್ರಿಂಟಿನ ದುಡ್ಡು ಮೇಷ್ಟ್ರ ಜೇಬಿನದು.