ಮುಂದಿನ ರಾಡು, ಹಿಂದಿನ ರಾಡು

ನಮ್ಮ ಹಳೇ ಲ್ಯಾನ್ಸರ್ ಕಾರಿಗೆ ಮುಂದೊಂದು ಹಿಂದೊಂದು ದಪ್ಪನೆಯ ಸ್ಟೆಬಿಲೈಸರ್ ಬಾರ್ ಹಾಕಿಸಬೇಕೆಂಬ ಹುಚ್ಚು ನನಗೆ ಹತ್ತಿದ್ದಕ್ಕೆ ಮೂಲಕಾರಣ ನಮ್ಮ ಅತ್ತೆಯವರ ವಾಂತಿ. ಮಾವನ ಮನೆ ಇರುವುದು ಉಜಿರೆಯ ಕಡೆ. ಶಿರಾಡಿಯಲ್ಲಿ ಲಾರಿಗಳ ಹಿಂದೆ ತೆವಳುವ ತಾಳ್ಮೆ ನನಗಿಲ್ಲದ ಕಾರಣ ಕೊಟ್ಟಿಗೆಹಾರದಲ್ಲಿ ನೀರ್ದೋಸೆ ತಿಂದು ಚಾರ್ಮಾಡಿ ಇಳಿಯುತ್ತೇವೆ. ಆ ನೀರ್ದೋಸೆ ಅತ್ತೆಯವರ ಹೊಟ್ಟೆಯಲ್ಲಿ ಉಜಿರೆಯವರೆಗೆ ಉಳಿದ ದಾಖಲೆಯಿಲ್ಲ. ನನ್ನ ಹೆಂಡತಿ ಇದಕ್ಕೆ ನಿಂಬೆಹಣ್ಣು, ಪ್ಲಾಸ್ಟಿಕ್ ಕವರು, ಮುಂದಿನ ಸೀಟು ಎಂದು ಏನೇನೋ ವ್ಯವಸ್ಥೆ ಮಾಡಿಕೊಂಡಿದ್ದಳು. ನಾನು ರೋಗದ ಬುಡಕ್ಕೇ ಕೈಹಾಕಿದೆ. ತಿರುವಿನಲ್ಲಿ ಕಾರು ವಾಲುತ್ತದೆ, ಅದಕ್ಕೇ ವಾಂತಿ. ವಾಲುವುದನ್ನು ನಿಲ್ಲಿಸಿದರೆ ಮುಗಿಯಿತು.

ಗ್ಯಾರೇಜಿನವನು ಕಾರನ್ನು ಎತ್ತಿ ನೋಡಿ, “ಸಾರ್, ಲಿಂಕ್ ರಾಡೂ ಬುಷ್ಷೂ ಹೋಗಿವೆ, ಬದಲಾಯಿಸಿ ಕೊಡ್ತೀನಿ, ಅಷ್ಟು ಸಾಕು” ಅಂದ. ನಡುರಾತ್ರಿಯವರೆಗೆ ಎದ್ದು ಕೂತು ಅಷ್ಟೆಲ್ಲ ಓದಿಕೊಂಡು ಹೋದ ಮನುಷ್ಯನಿಗೆ ಬುಷ್ ಸಾಕು ಅಂದರೆ ಏನನ್ನಿಸಬೇಡ? ಬುಷ್ ಹಾಕಿಸಿಕೊಂಡೆ, ಮಾತು ಕೇಳಲಿಲ್ಲ.

ಹೆಂಡತಿಗೆ ವಿವರಿಸಿದೆ. ಸ್ಟೆಬಿಲೈಸರ್ ಬಾರ್ ಅಂದರೆ ಅಡ್ಡಡ್ಡಕ್ಕೆ ಮಲಗಿಸಿದ ಸ್ಪ್ರಿಂಗ್ ಉಕ್ಕಿನ ರಾಡು. ಎರಡು ತುದಿಗಳು ಎಡಬಲದ ಚಕ್ರಗಳಿಗೆ, ನಡುಭಾಗ ಬುಷ್ಷಿನ ಮೂಲಕ ಬಾಡಿಗೆ. ತಿರುವಿನಲ್ಲಿ ಬಾಡಿ ವಾಲಿದಾಗ ಒಂದು ಚಕ್ರ ಮೇಲೆ, ಇನ್ನೊಂದು ಕೆಳಗೆ. ಆಗ ರಾಡು ತಿರುಚಿಕೊಂಡು “ಬಿಡೊಲ್ಲ” ಅನ್ನುತ್ತದೆ. ಹಂಪಿನ ಮೇಲೆ ಎರಡೂ ಚಕ್ರ ಒಟ್ಟಿಗೆ ಎದ್ದರೆ ಮಾತ್ರ ಏನೂ ಮಾಡದೆ ಬುಷ್ಷಿನೊಳಗೆ ಸುಮ್ಮನೆ ಹೊರಳುತ್ತದೆ. “1919ರಲ್ಲೇ ಕೆನಡಾದ ಸ್ಟೀಫನ್ ಕೋಲ್ಮನ್ ಅನ್ನುವವನು ಇದಕ್ಕೆ ಪೇಟೆಂಟ್ ತಗೊಂಡಿದ್ದಾನೆ ಕಣೇ” ಅಂದೆ. “ಅವನ ಅತ್ತೆಗೂ ವಾಂತಿ ಆಗ್ತಿತ್ತೇನ್ರೀ?” ಅಂದಳು. ಸಂಶೋಧಕರ ಹೆಂಡಂದಿರೆಲ್ಲ ಹೀಗೇ.

ಈ ರಾಡಿನ ಸ್ವಾರಸ್ಯವಿರುವುದು ಅದರ ದಪ್ಪದಲ್ಲಿ. ಬಿಗಿ ಹೆಚ್ಚುವುದು ವ್ಯಾಸದ ನಾಲ್ಕನೇ ಘಾತದ ಲೆಕ್ಕದಲ್ಲಿ. 22 ಮಿಲಿಮೀಟರಿನ ರಾಡು ತೆಗೆದು 24ರದ್ದು ಹಾಕಿದರೆ, ಕಣ್ಣಿಗೆ ಕಾಣದಷ್ಟು ವ್ಯತ್ಯಾಸಕ್ಕೆ ಬಿಗಿ ಶೇಕಡಾ 40ರಷ್ಟು ಏರಿಬಿಡುತ್ತದೆ. ಅಂದಮೇಲೆ ಹೊಸದನ್ನು ಆರಿಸುವ ಮುನ್ನ ಇರುವುದನ್ನು ಸರಿಯಾಗಿ ಅಳೆಯಬೇಕಲ್ಲ. ನಾನು ಕನ್ನಡ ಮೇಷ್ಟ್ರು, ನನ್ನ ಬಳಿ ಇದ್ದದ್ದು ಮಗಳ ಸ್ಕೇಲು ಮತ್ತು ಹೆಂಡತಿ ಹೂ ಕಟ್ಟುವ ದಾರ.

ಭಾನುವಾರ ಮಧ್ಯಾಹ್ನ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಹಳೇ ಚಾಪೆ ಹಾಸಿ, ಹೊಟ್ಟೆ ಒಳಗೆಳೆದುಕೊಂಡು ಕಾರಿನಡಿಗೆ ಜಾರಿದೆ. ಮುಂದಿನ ರಾಡು ಮೂಗಿಗೆ ತೀರಾ ಹತ್ತಿರದಲ್ಲಿತ್ತು. ಗ್ರೀಸು, ಕೆಮ್ಮಣ್ಣು, ಚಾರ್ಮಾಡಿಯ ಯಾವುದೋ ಮರದ ಎಲೆ. ದಾರ ಸುತ್ತಿ, ಉಗುರಿನಿಂದ ಗುರುತು ಹಿಡಿದು, ಸ್ಕೇಲಿಗಿಟ್ಟರೆ 72 ಮಿಲಿಮೀಟರ್. ಇಪ್ಪತ್ತೆರಡು ಬೈ ಏಳರಿಂದ ಭಾಗಿಸಿದರೆ ಹತ್ತಿರ ಹತ್ತಿರ 23. ಗ್ರೀಸು ಒರೆಸಿ ಇನ್ನೊಮ್ಮೆ ಸುತ್ತಿದೆ, 66. ಅಂದರೆ 21. ಇವೆರಡರ ನಡುವೆ ನಾಲ್ಕನೇ ಘಾತದಲ್ಲಿ ಶೇಕಡಾ 44ರ ಅಂತರ! ಹೂವಿನ ದಾರದ ಎಳೆತಕ್ಕೆ ನನ್ನ ಕಾರು ಒಮ್ಮೆ ಟೆಂಪೋ, ಒಮ್ಮೆ ರ‍್ಯಾಲಿ ಗಾಡಿ ಆಗುತ್ತಿತ್ತು. ಮೂರನೇ ಸಲ ಸುತ್ತೋಣವೆಂದು ಉಸಿರೆಳೆದುಕೊಂಡೆ ನೋಡಿ, ಹೊಟ್ಟೆ ಬಂಪರಿಗೆ ಸಿಕ್ಕಿಕೊಂಡಿತು.

ಅದೇ ಹೊತ್ತಿಗೆ ಮೂರನೇ ಮಹಡಿಯ ನಿವೃತ್ತ ಬ್ರೇಕ್ ಇನ್‌ಸ್ಪೆಕ್ಟರು ವಾಕಿಂಗಿಗೆ ಇಳಿದರು. ಅವರಿಗೆ ಕಂಡದ್ದು ನನ್ನ ಎರಡು ಪಾದ.

“ಯಾರದು?”

“ನಾನು ಸಾರ್.”

“ಓ, ಮೇಷ್ಟ್ರು! ಏನು ಕಳೀತು?”

“ಏನೂ ಕಳೆದಿಲ್ಲ ಸಾರ್, ವ್ಯಾಸ ನೋಡ್ತಿದ್ದೀನಿ.”

ಮೇಲೆ ಕೊಂಚ ಹೊತ್ತು ಸದ್ದಿಲ್ಲ. “ಯಾವ ವ್ಯಾಸ?” ಅಂದರು. ಕನ್ನಡ ಮೇಷ್ಟ್ರು ಕಾರಿನಡಿ ಮಲಗಿ ವ್ಯಾಸ ಅಂದರೆ ಅವರಾದರೂ ಮಹಾಭಾರತ ಬಿಟ್ಟು ಏನು ತಿಳಿದಾರು? ವಿವರಿಸಿದೆ. ಪಾದಗಳಿಗೆ ಮುಖ ಮಾಡಿಯೇ ಅವರು ಕೇಳಿಸಿಕೊಂಡರು, ಪಾದಗಳಿಗೇ ಬುದ್ಧಿ ಹೇಳಿದರು. “ಮೋಟಾರು ವಾಹನ ಕಾಯ್ದೆ, 1988, ಸೆಕ್ಷನ್ 52. ಗಾಡಿ ಮಾರ್ಪಾಡು ಮಾಡೋಕೆ ಮುಂಚೆ ಓದಿಕೊಳ್ಳಿ.” ಒಪ್ಪಿಕೊಂಡು ತಲೆಯಾಡಿಸಿದೆ, ಹಣೆ ರಾಡಿಗೆ ಬಡಿಯಿತು. ಸದ್ದು ಕೇಳಿ ಬಂದ ವಾಚ್‌ಮನ್ ನನ್ನ ಹೆಬ್ಬೆರಳು ಹಿಡಿದು ಅಲ್ಲಾಡಿಸಿ, “ಜೀವ ಐತೆ ಸಾರ್” ಎಂದು ವರದಿ ಕೊಟ್ಟ. ಆಮೇಲೆ ನನ್ನನ್ನು ಈಚೆಗೆ ಎಳೆಯಬೇಕೋ, ಒಳಕ್ಕೆ ತಳ್ಳಿ ಆ ಕಡೆಯಿಂದ ತೆಗೆಯಬೇಕೋ ಎಂಬ ಚರ್ಚೆ ಶುರುವಾಯಿತು. ಇನ್‌ಸ್ಪೆಕ್ಟರು ತಳ್ಳುವ ಪಕ್ಷ, ವಾಚ್‌ಮನ್ ಎಳೆಯುವ ಪಕ್ಷ. ಲಿಫ್ಟಿನಿಂದ ಇಳಿದವರೆಲ್ಲ ಅಭಿಪ್ರಾಯ ಕೊಟ್ಟರು. ನನ್ನನ್ನು ಯಾರೂ ಕೇಳಲಿಲ್ಲ. ಕೊನೆಗೆ ಉಸಿರು ಪೂರ್ತಿ ಬಿಟ್ಟದ್ದರಿಂದ ಹೊಟ್ಟೆ ಇಳಿದು, ನಾನೇ ತೆವಳಿಕೊಂಡು ಬಂದೆ. ಅಷ್ಟರಲ್ಲಿ ಇನ್‌ಸ್ಪೆಕ್ಟರು ಮನೆಗೆ ಹೋಗಿ, ಸರ್ವಿಸಿನಲ್ಲಿದ್ದಾಗಿನ ವರ್ನಿಯರ್ ಕ್ಯಾಲಿಪರ್ ತಂದು, ತಾವೇ ಬಗ್ಗಿ ಚಕ್ರದ ಪಕ್ಕದಿಂದ ಕೈ ತೂರಿಸಿ, “ಸರಿಯಾಗಿ 22” ಅಂದರು. ಮಲಗುವ ಅಗತ್ಯವೇ ಇರಲಿಲ್ಲವಂತೆ.

ಜೆ.ಸಿ. ರಸ್ತೆಯ ಅಂಗಡಿಯವನೊಬ್ಬ, “ಹಿಂದಿನದು ಮಾತ್ರ ಸಿಗುತ್ತೆ ಸಾರ್. ಹಾಕ್ಕೊಂಡಿರಿ, ಮುಂದಿನದು ಬಂದಾಗ ಫೋನ್ ಮಾಡ್ತೀನಿ” ಅಂದ. ನನಗೆ ಸಿಟ್ಟು ಬಂತು. ಇದೇನು ಚಪ್ಪಲಿಯೇ, ಒಂದು ಕಾಲಿಗೆ ಇವತ್ತು, ಇನ್ನೊಂದಕ್ಕೆ ನಾಳೆ? ಈ ರಾಡು ಟೈರಿಗೆ ಹೊಸದಾಗಿ ಹಿಡಿತ ಕೊಡುವುದಿಲ್ಲ. ತಿರುವಿನಲ್ಲಿ ಒಳಚಕ್ರದ ಭಾರ ಹೊರಚಕ್ರಕ್ಕೆ ಹೋಗಿಯೇ ಹೋಗುತ್ತದೆ. ಅದರಲ್ಲಿ ಮುಂದಿನ ಜೋಡಿಯ ಪಾಲೆಷ್ಟು, ಹಿಂದಿನ ಜೋಡಿಯ ಪಾಲೆಷ್ಟು ಎಂಬ ಹಂಚಿಕೆಯಷ್ಟೇ ರಾಡುಗಳ ಕೈಯಲ್ಲಿರುವುದು. ಯಾವ ಕಡೆ ಬಿಗಿ ಹೆಚ್ಚೋ ಆ ಕಡೆಯ ಟೈರು ಮೊದಲು ಸೋಲುತ್ತದೆ. ಮುಂದಿನದನ್ನಷ್ಟೇ ದಪ್ಪ ಮಾಡಿದರೆ ಸ್ಟೀರಿಂಗ್ ತಿರುಗಿಸಿದರೂ ಕಾರು ನೆಟ್ಟಗೆ ಹೋಗಲು ನೋಡುತ್ತದೆ. ಹಿಂದಿನದನ್ನಷ್ಟೇ ದಪ್ಪ ಮಾಡಿ, ಮಳೆಯಲ್ಲಿ ಘಾಟಿ ಇಳಿಯುತ್ತ, ತಿರುವಿನ ನಡುವೆ ಗಾಬರಿಯಿಂದ ಆಕ್ಸಿಲರೇಟರ್ ಬಿಟ್ಟಿರೋ, ಹಿಂಭಾಗ ಕಿತ್ತುಕೊಂಡು ಹೊರಕ್ಕೆ ಬೀಸುತ್ತದೆ. ಚಾರ್ಮಾಡಿಯಲ್ಲಿ ಆ ಹೊರಗೆ ಇರುವುದು ಪ್ರಪಾತ. ವಾಲುವ ಕಾರು “ಸಾಕು, ನಿಧಾನ” ಎಂದು ಮೊದಲೇ ಹೇಳುತ್ತದೆ. ವಾಲದ ಕಾರು ಹೇಳದೆಯೇ ಜಾರಿಬಿಡಬಹುದು. ಇದಿಷ್ಟನ್ನೂ ಹೇಳಿದೆ. ಅಂಗಡಿಯವನು ಮುಂದಿನ ಗಿರಾಕಿಯ ಕಡೆ ತಿರುಗಿದ.

ಜೋಡಿ ಕೊನೆಗೆ ಕೊಯಮತ್ತೂರಿನಿಂದ ಬಂತು. ಹಿಂದಿನದಕ್ಕೆ ಪ್ರತಿ ತುದಿಯಲ್ಲಿ ಮೂರು ತೂತು. ಲಿಂಕನ್ನು ಕೊನೆಯದಕ್ಕೆ ಸಿಕ್ಕಿಸಿದರೆ ಮೆತ್ತಗೆ, ಒಳಗಿನದಕ್ಕೆ ಸಿಕ್ಕಿಸಿದರೆ ಬಿಗಿ. ಮೆತ್ತಗಿನದೇ ಇರಲಿ ಅಂದೆ. ಎಷ್ಟಾಯಿತು ಅನ್ನುವುದು ನನ್ನ ಮತ್ತು ಬ್ಯಾಂಕಿನ ನಡುವಿನ ಮಾತು.

ಬೆಂಗಳೂರಿನ ರಸ್ತೆಯಲ್ಲಿ ಅದರ ಫಲ ಮೊದಲ ದಿನವೇ ಸಿಕ್ಕಿತು. ಒಂದು ಚಕ್ರ ಗುಂಡಿಗಿಳಿದರೆ ರಾಡು ಅದರ ಪೆಟ್ಟನ್ನು ಪಕ್ಕದ ಚಕ್ರಕ್ಕೂ ಹಂಚುತ್ತದೆ. ಹಂಪನ್ನು ಓರೆಯಾಗಿ ಹತ್ತಿಸುವ ನನ್ನ ಹಳೇ ಚಾಳಿಯಿಂದ ಒಳಗಿದ್ದವರ ಕತ್ತುಗಳೆಲ್ಲ ಭರತನಾಟ್ಯದವರಂತೆ ಎಡಕ್ಕೂ ಬಲಕ್ಕೂ ಸರಿದಾಡತೊಡಗಿದವು. ಇರಲಿ, ಘಾಟಿ ಬರಲಿ ಅಂದೆ.

ಘಾಟಿ ಬಂತು. ಏನು ಹೇಳಲಿ! ಕಾರು ತಿರುವಿಗೆ ತಿರುವು ತಟ್ಟೆಯ ಹಾಗೆ ಮಟ್ಟಸ. 2019ರ ಆಗಸ್ಟ್ ಮಳೆಗೆ ಗುಡ್ಡ ಕುಸಿದು ಮುಚ್ಚಿದ್ದ ರಸ್ತೆ ಇದು; ಕೆಳಗೆ ನೋಡಿದರೆ ಎದೆ ಝಲ್ಲೆನ್ನಬೇಕು. ಅಂಥಲ್ಲಿ ಎದುರಿನದು ಕಾಣದ ತಿರುವಿನಲ್ಲೇ ಹಾರ್ನ್ ಒತ್ತುತ್ತ ಓವರ್‌ಟೇಕ್ ಮಾಡುವ ಮಹಾನುಭಾವರಿಗೆ ಯಾವ ದಪ್ಪದ ರಾಡು ಬೇಕೋ, ಅದನ್ನು ಎಲ್ಲಿಗೆ ಹಾಕಬೇಕೋ, ಆ ಮಾತು ಬೇಡ. ನನ್ನ ಕಾರು ಮಾತ್ರ ವಾಲಲಿಲ್ಲ. ವಾಲದ್ದರಿಂದ ಮೂವತ್ತರಲ್ಲಿ ಹೋಗುತ್ತಿದ್ದವನು ನಲವತ್ತರಲ್ಲಿ ಹೋದೆ. ಪಕ್ಕಕ್ಕೆ ತಳ್ಳುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಹಾಗಾಗಿ ಮುಕ್ಕಾಲು ಪಾಲಿಗಿಂತ ಹೆಚ್ಚಾಯಿತು. ನೀರ್ದೋಸೆಗೆ ರಾಡಿನ ಪರಿವೆ ಇರಲಿಲ್ಲ, ಅದು ವರ್ಗವನ್ನಷ್ಟೇ ಗಮನಿಸಿತು. ಅತ್ತೆಯವರು ಎಂದಿಗಿಂತ ಮುಂಚೆಯೇ ಕವರು ಕೇಳಿದರು. ಹೆಂಡತಿ ಅವರ ಬೆನ್ನು ನೀವುತ್ತಿದ್ದಾಗ ನಾನು ಸಂಭ್ರಮ ತಡೆಯಲಾರದೆ, “ನೋಡಿದೆಯಾ? ಒಂದಿಷ್ಟೂ ವಾಲಲಿಲ್ಲ!” ಅಂದುಬಿಟ್ಟೆ. ಅವಳು ತಿರುಗಿ ನೋಡಿದ ನೋಟವನ್ನು ಅಳೆಯಲು ವರ್ನಿಯರ್ ಸಾಲದು. ವಾಪಸು ಬರುವಾಗ ತಾಯಿ ಮಗಳು ಧರ್ಮಸ್ಥಳದಿಂದ ಬಸ್ಸು ಹತ್ತಿದರು. ನಾನೊಬ್ಬನೇ ಆ ಘಾಟಿಯನ್ನು ಹತ್ತಿದ ಸುಖ ಇನ್ನೊಮ್ಮೆ ಬರೆಯುತ್ತೇನೆ.

ಹಳೇ ರಾಡುಗಳೆರಡು ಪಾರ್ಕಿಂಗ್ ಜಾಗದಲ್ಲಿ ಬಿದ್ದಿವೆ ಎಂದು ಅಸೋಸಿಯೇಷನ್ನಿನಿಂದ ನೋಟಿಸು ಬಂತು. ಗುಜರಿಯವನನ್ನು ಕರೆಸಿದೆ. ಕಂಪನಿಯಿಂದ ಬಂದ ಜೋಡಿ ಇದು, ಮುಂದಿನದಕ್ಕೂ ಹಿಂದಿನದಕ್ಕೂ ಹೊಂದಾಣಿಕೆ ಲೆಕ್ಕ ಹಾಕಿ ಮಾಡಿರುತ್ತಾರೆ, ಬೇರೆ ಬೇರೆ ಮಾಡಬೇಡ ಅಂದೆ. ಅವನು ಎರಡನ್ನೂ ಕೊಕ್ಕೆಗೆ ನೇತುಹಾಕಿ ತಕ್ಕಡಿಯ ಮುಳ್ಳು ನೋಡುತ್ತ, “ಜೋಡಿ ಆದ್ರೇನು ಒಂಟಿ ಆದ್ರೇನು ಸಾರ್, ಕೆಜಿಗೇ ರೇಟು” ಅಂದ.